ಡಂಕನ್ ಹೆಸರಿನ ಪಾಯಿಂಟುಗಳು

ಪ್ರತಿ ಭಾನುವಾರ ಅಮ್ಮನ ಮನೆಗೆ ಹೋಗುವಾಗ ರೇವಿನ್ ಕಾರಿನಲ್ಲೇ ತೀರ್ಮಾನ ಮಾಡಿಕೊಳ್ಳುತ್ತಿದ್ದಳು, ಇವತ್ತು ಜಗಳ ಆಡಬಾರದು ಅಂತ. ಹಿತ್ತಿಲ ಬಾಗಿಲು ದೂಡಿ ಒಳಗೆ ಕಾಲಿಡುವ ಹೊತ್ತಿಗೆ ಆ ತೀರ್ಮಾನ ಎಲ್ಲೋ ಹಾರಿಹೋಗಿರುತ್ತಿತ್ತು. ಒಳಗೂ ಹೊರಗೂ ಒಂದೇ ಚಳಿ. ಭೂಮಿಯ ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್‌ನಲ್ಲಿ ಜುಲೈ ಎಂದರೆ ನಡುಚಳಿಗಾಲ; ಸಮುದ್ರದ ಕಡೆಯಿಂದ ಬೀಸುವ ಗಾಳಿಗೆ ಆ ಮನೆಯ ಕಿಟಕಿಗಳು ಯಾವತ್ತೂ ಎದುರಾಡಿದ್ದಿಲ್ಲ. ಅಮ್ಮ ನೋಯ್ಲೀನ್ ಅಡುಗೆಮನೆಯ ಮೇಜಿನ ಮುಂದೆ, ಕೋಟು ಟೋಪಿ ಎರಡೂ ತೊಟ್ಟುಕೊಂಡು, ಲ್ಯಾಪ್‌ಟಾಪಿನಲ್ಲಿ ಪೋಕರ್ ಎಂಬ ಪಣದ ಇಸ್ಪೀಟಾಟ ಆಡುತ್ತಾ ಕೂತಿರುತ್ತಿದ್ದಳು.

"ಪಾಯಿಂಟನ್ನ ದುಡ್ಡು ಮಾಡ್ಕೊಂಡ್ಯಾ?" ಎಂದಳು ರೇವಿನ್, ಆ ಭಾನುವಾರವೂ ಒಳಗೆ ಬಂದವಳೇ.

"ಬಂದವಳು ಮೊದ್ಲು ಕೂತ್ಕೋ. ಟೀ ಕುಡಿ."

"ಅಂದ್ರೆ ಮಾಡ್ಕೊಂಡಿಲ್ಲ."

ವಿಷಯ ಇಷ್ಟೆ. ವರ್ಷಗಟ್ಟಲೆ ಆಡಿದ್ದಕ್ಕೆ ಆಟದ ಕಂಪನಿ ಬಹುಮಾನವಾಗಿ ಕೊಟ್ಟ ಪಾಯಿಂಟುಗಳು ನೋಯ್ಲೀನಳ ಹತ್ತಿರ ರಾಶಿ ಬಿದ್ದಿದ್ದವು. ತಿಂಗಳ ಕೊನೆಗೆ ಆ ಯೋಜನೆ ನಿಲ್ಲುತ್ತದೆ ಎಂದು ಕಂಪನಿ ತಿಳಿಸಿತ್ತು. ಅಷ್ಟರೊಳಗೆ ಪಾಯಿಂಟುಗಳನ್ನು ನಗದು ಮಾಡಿಕೊಳ್ಳಬಹುದು, ಇಲ್ಲವೇ ದೊಡ್ಡ ಪಂದ್ಯಗಳಿಗೆ ಟಿಕೆಟು ತೆಗೆದುಕೊಳ್ಳಬಹುದು. ಎರಡೂ ಮಾಡದಿದ್ದರೆ ಎಲ್ಲವೂ ಸೊನ್ನೆ. ನಗದು ಮಾಡಿಕೊಂಡರೆ ಈ ಮನೆಗೊಂದು ಕೋಣೆ ಬೆಚ್ಚಗಿಡುವ ಹೀಟ್ ಪಂಪ್ ಹಾಕಿಸಬಹುದು ಎಂದು ರೇವಿನ್ ಆಗಲೇ ಅಂಗಡಿಗಳಲ್ಲಿ ವಿಚಾರಿಸಿ ಬಂದಿದ್ದಳು.

"ನಗದಿಗೆ ತುಂಬಾ ಕಮ್ಮಿ ಕೊಡ್ತಾರೆ ಕಣೇ," ಅಂದಳು ನೋಯ್ಲೀನ್. "ಟಿಕೆಟಾದ್ರೆ ಪೂರ್ತಿ ಬೆಲೆ."

"ಹೋದ ವಾರ ಟಿಕೆಟು ಬೇಡ, ಆ ಪಂದ್ಯದಲ್ಲೆಲ್ಲಾ ಹುಲಿಗಳು ಕೂತಿರ್ತಾವೆ ಅಂದೆ."

"ಹೌದು, ಅದೂ ನಿಜಾನೇ."

"ಅದರ ಹಿಂದಿನ ವಾರ, ಕೊನೇ ದಿನ ರೇಟು ಜಾಸ್ತಿ ಮಾಡಿದ್ರೂ ಮಾಡ್ಬಹುದು ಅಂದೆ."

"ಮಾಡ್ಬಾರ್ದು ಅಂತೇನಿಲ್ವಲ್ಲ."

ರೇವಿನ್ ಕೆಲಸ ಮಾಡುತ್ತಿದ್ದುದು ನಗರಸಭೆಯ ನಾಯಿ ನೋಂದಣಿ ವಿಭಾಗದಲ್ಲಿ. ವಾರವಿಡೀ ಜನರ ಸಬೂಬು ಕೇಳುವುದೇ ಅವಳ ಉದ್ಯೋಗ. ಶುಲ್ಕ ತಪ್ಪಿಸಲು, ಈ ನಾಯಿ ನಮ್ಮದಲ್ಲ, ತಾನಾಗೇ ಬಂದು ಸೇರಿಕೊಂಡಿದೆ ಅನ್ನುವವರನ್ನು ಕಂಡು ಕಂಡು, ಎದುರಿಗಿದ್ದವರು ಏನೋ ಮುಚ್ಚಿಡುತ್ತಿದ್ದಾರೆ ಅನ್ನುವುದು ಅವಳಿಗೆ ವಾಸನೆಯಲ್ಲೇ ಗೊತ್ತಾಗುತ್ತಿತ್ತು. ಅಮ್ಮನ ಸಬೂಬುಗಳಿಗೂ ಅದೇ ವಾಸನೆ ಇತ್ತು. ಆದರೆ ಅದನ್ನು ಮೂಸುವಷ್ಟು ತಾಳ್ಮೆ ಆವತ್ತು ಅವಳಿಗೆ ಇರಲಿಲ್ಲ.

"ಈ ಕಡೆ ಕೊಡು," ಎಂದು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಪಾಯಿಂಟುಗಳ ಪುಟ ತೆರೆದು ನಗದು ಅನ್ನುವಲ್ಲಿ ಒತ್ತಿದಳು. ಖಾತೆದಾರರು ತಮ್ಮ ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿದುಕೊಂಡು ಫೋಟೊ ಕಳಿಸಬೇಕು ಎಂದು ಬಂತು. ಅದರ ಕೆಳಗೆ ಖಾತೆದಾರರ ಹೆಸರು: ಡಂಕನ್ ಮೆಕ್‌ಲಿಯಡ್.

ಅಪ್ಪ ತೀರಿಹೋಗಿ ಐದು ವರ್ಷವಾಗಿತ್ತು.

ನೋಯ್ಲೀನ್ ಕೈಚಾಚಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು. "ಅದಕ್ಕೇ ಮುಟ್ಬೇಡ ಅಂದಿದ್ದು."

"ನೀನು ಯಾವಾಗ ಅಂದೆ? ರೇಟು ಕಮ್ಮಿ ಅಂದೆ, ಹುಲಿಗಳಿದಾವೆ ಅಂದೆ!"

"ಖಾತೆ ತೆರೆದಿದ್ದು ನಿಮ್ಮಪ್ಪ. ನಾನು ಮುಂದುವರಿಸಿದೆ, ಅಷ್ಟೆ."

"ಅಮ್ಮ, ಇದೇನು ಹಾಲಿನವನ ಲೆಕ್ಕಾನಾ ಮುಂದುವರಿಸೋಕೆ? ಇಷ್ಟು ವರ್ಷ ಅಪ್ಪನ ಹೆಸರಲ್ಲಿ ಆಡಿದೀಯ. ಯಾರೂ ಕೇಳ್ಲಿಲ್ವಾ?"

"ಯಾರು ಕೇಳ್ತಾರೆ? ಪೆಂಟಿ ಒಬ್ಬ ದಿನಾ ವಿಚಾರಿಸ್ತಾನೆ. ಡಂಕನ್, ಸೊಂಟ ಹೇಗಿದೆ ಅಂತ."

ಪೆಂಟಿ ಫಿನ್ಲೆಂಡಿನ ಒಬ್ಬ ನಿವೃತ್ತ ದೋಣಿ ರಿಪೇರಿಯವನು. ಬೆಳಗಿನ ಜಾವಕ್ಕೇ ಎದ್ದು ಆಟಕ್ಕೆ ಕೂರುವವನು. ಅಪ್ಪನ ಕಾಲದಿಂದಲೂ ಅದೇ ಆನ್‌ಲೈನ್ ಮೇಜಿನಲ್ಲಿ ಆಡುತ್ತಿದ್ದ.

"ಅದಕ್ಕೆ ನೀನು ಏನಂತೀಯ?"

"ಚಳಿಗಾಲದಲ್ಲಿ ಸ್ವಲ್ಪ ನೋವು ಅಂತೀನಿ."

ರೇವಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಕೂತಳು. ಸತ್ತ ಅಪ್ಪನ ಸೊಂಟ ಇಲ್ಲಿ ಐದು ವರ್ಷದಿಂದ ನೋಯುತ್ತಿದೆ. ಇವಳು ಹೀಟ್ ಪಂಪಿನ ಬೆಲೆ ಕೇಳಿಕೊಂಡು ಅಂಗಡಿ ಅಂಗಡಿ ಅಲೆದಿದ್ದಾಳೆ.

"ಟಿಕೆಟಿಗೆ ಫೋಟೊ ಕೇಳಲ್ಲ," ಅಂದಳು ನೋಯ್ಲೀನ್ ಮೆಲ್ಲಗೆ.

"ಗೆದ್ರೆ ಆ ದುಡ್ಡು ತೆಗೆಯೋಕೆ ಕೇಳ್ತಾರಲ್ಲ. ಆಗ ಅಪ್ಪನ್ನ ಎಲ್ಲಿಂದ ಕರ್ಕೊಂಡು ಬರ್ತೀಯ? ನೋಡು, ಇರೋ ವಿಷಯ ಬರೆದುಬಿಡೋಣ. ಅಪ್ಪ ಇಲ್ಲ, ನೀನು ಅವರ ಹೆಂಡ್ತಿ, ಪಾಯಿಂಟು ನಿನಗೆ ಬರಬೇಕು ಅಂತ. ಕಂಪನಿಯಲ್ಲೂ ಮನುಷ್ಯರೇ ಇರ್ತಾರೆ."

"ಖಾತೇನೇ ಮುಚ್ಚಿಬಿಡ್ತಾರೆ ಕಣೇ."

"ಯಾಕೆ ಮುಚ್ತಾರೆ? ಇಷ್ಟು ವರ್ಷದ ಗಿರಾಕಿ ನೀನು."

"ಗಿರಾಕಿ ಡಂಕನ್."

ಟೀ ಆರುವವರೆಗೂ ವಾದ ನಡೆಯಿತು. ಕೊನೆಗೆ ನೋಯ್ಲೀನ್, "ಸರಿ, ಬರಿ. ನಿನ್ನ ಬಾಯಿಗೆ ನಾನು ಸಮನಾ?" ಎಂದು ಎದ್ದು, ಒಲೆಯಲ್ಲಿದ್ದ ಚೀಸ್ ರೋಲುಗಳನ್ನು ನೋಡಲು ಹೋದಳು. ರೇವಿನ್ ಬರೆದಳು. ಚೆನ್ನಾಗಿಯೇ ಬರೆದಳು, ಕಚೇರಿಯಲ್ಲಿ ಬರೆಯುವ ಹಾಗೆ, ಮರಣಪತ್ರದ ಪ್ರತಿಯನ್ನೂ ಲಗತ್ತಿಸಿ.

ಉತ್ತರ ಗುರುವಾರ ಬಂತು. ನಿಮ್ಮ ದುಃಖದಲ್ಲಿ ನಾವೂ ಭಾಗಿ. ಪಾಯಿಂಟುಗಳು ಖಾತೆದಾರರಿಗೆ ಮಾತ್ರ ಸಲ್ಲುತ್ತವೆ, ಅವರ ಮರಣದೊಂದಿಗೆ ರದ್ದಾಗುತ್ತವೆ. ಖಾತೆಯನ್ನು ಮುಚ್ಚಲಾಗಿದೆ. ಮುಂದೆಯೂ ನಮ್ಮೊಂದಿಗೆ ಆನಂದದಿಂದ ಆಡಿ.

ಮಧ್ಯಾಹ್ನದ ಊಟ ಬಿಟ್ಟು ರೇವಿನ್ ಇನ್ನೊಂದು ಪತ್ರ ಬರೆದಳು. ಅದಕ್ಕೂ ಅದೇ ಉತ್ತರ ಬಂತು, ದುಃಖದಲ್ಲಿ ಭಾಗಿಯಾಗುವ ಸಾಲೂ ಸೇರಿ. ಮೂರನೆಯದಕ್ಕೆ ಯಾವ ಉತ್ತರವೂ ಬರಲಿಲ್ಲ. ಕಂಪನಿಯ ಮೇಲಿನ ಸಿಟ್ಟು ಸಂಜೆಯ ಹೊತ್ತಿಗೆ ಅವಳ ಮೇಲೇ ತಿರುಗಿತು. ಸುಮ್ಮನಿದ್ದಿದ್ದರೆ ಟಿಕೆಟಾದರೂ ಸಿಗುತ್ತಿತ್ತು.

ಭಾನುವಾರ ಹೋದಾಗ ಅಮ್ಮನ ಲ್ಯಾಪ್‌ಟಾಪ್ ಮುಚ್ಚಿತ್ತು. ನೋಯ್ಲೀನ್ ಕಿಟಕಿಯ ಹತ್ತಿರ ನಿಂತು ಆಲೂಗಡ್ಡೆ ಹೆರೆಯುತ್ತಿದ್ದಳು.

"ತಪ್ಪು ನಂದೇ ಅಮ್ಮ. ಹೀಟ್ ಪಂಪ್ ನಾನು ಕಂತಲ್ಲಿ ಹಾಕಿಸ್ತೀನಿ."

"ಹಾಕಿಸು, ಬೇಡ ಅನ್ನಲ್ಲ. ನನ್ನ ಯೋಚನೆ ಅದಲ್ಲ." ನೋಯ್ಲೀನ್ ಚಾಕು ಕೆಳಗಿಟ್ಟಳು. "ಗುರುವಾರ ಆಟದ ಮಧ್ಯದಲ್ಲೇ ನನ್ನನ್ನ ಹೊರಗೆ ಹಾಕಿದ್ರು. ಪೆಂಟಿ ಏನೋ ಕೇಳ್ತಾ ಇದ್ದ. ಡಂಕನ್ ಮಾತಾಡದೆ ಎದ್ದು ಹೋದ ಅಂತ ಅಂದ್ಕೊಂಡಿರ್ತಾನೆ."

ರೇವಿನ್ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತಳು. ಒಂದು ತಿಂಗಳು ದುಡ್ಡು ದುಡ್ಡು ಎಂದು ಕಿತ್ತಾಡಿದ್ದಳು. ಅಮ್ಮ ಸಬೂಬು ಹೇಳಿ ದಿನ ತಳ್ಳುತ್ತಿದ್ದುದು ದುಡ್ಡಿಗಾಗಿ ಅಲ್ಲ ಅನ್ನುವುದು ಒಂದು ಸಲವೂ ಅವಳ ತಲೆಗೆ ಹೋಗಿರಲಿಲ್ಲ. ಇದನ್ನು ಮೊದಲೇ ಬಾಯಿಬಿಟ್ಟು ಹೇಳಬಾರದಿತ್ತೇ ಎಂದು ಕೇಳಬೇಕೆನಿಸಿತು. ನುಂಗಿಕೊಂಡಳು.

"ನಿನ್ನ ಡ್ರೈವಿಂಗ್ ಲೈಸೆನ್ಸ್ ಎಲ್ಲಿದೆ, ಕೊಡು," ಅಂದಳು.

ಅವತ್ತೇ ನೋಯ್ಲೀನ್ ಹೆಸರಿನಲ್ಲಿ ಹೊಸ ಖಾತೆ ತೆರೆದರು. ಫೋಟೊ ತೆಗೆಯುವಾಗ ಟೋಪಿ ತೆಗಿ ಎಂದರೆ, ಚಳಿ ಎಂದು ತೆಗೆಯಲೊಲ್ಲಳು. ಅದಕ್ಕೊಂದು ಜಗಳವಾಯಿತು. ಕೊನೆಗೂ ಪೆಂಟಿಯ ಮೇಜು ಸಿಕ್ಕಿತು. ನೋಯ್ಲೀನ್ ಒಂದೇ ಬೆರಳಲ್ಲಿ ಬರೆದಳು: ನಾನು ಡಂಕನ್ ಹೆಂಡತಿ. ಡಂಕನ್ ತೀರಿಹೋಗಿ ಐದು ವರ್ಷ ಆಯಿತು. ಇಷ್ಟು ದಿನ ಆಡಿದವಳು ನಾನೇ. ತಪ್ಪು ತಿಳಿಯಬೇಡಿ.

ಪೆಂಟಿ ತನ್ನ ಸರದಿ ಬಂದರೂ ಆಡಲಿಲ್ಲ. ಇನ್ನೊಂದು ಸರದಿಯೂ ಹಾಗೇ ಹೋಯಿತು. ಆಮೇಲೆ ಬರೆದ: ಅಯ್ಯೋ. ಒಳ್ಳೆಯ ಮನುಷ್ಯ. ನಿಮ್ಮ ಹೆಸರೇನು?

ನೋಯ್ಲೀನ್ ತನ್ನ ಹೆಸರು ಬರೆದಳು. ಮುಂದಿನ ಆಟದಲ್ಲಿ ಪೆಂಟಿ ಕರುಣೆಯಿಲ್ಲದೆ ಪಣ ಏರಿಸಿ ಅವಳ ಮುಂದಿದ್ದದ್ದನ್ನೆಲ್ಲಾ ಬಾಚಿಕೊಂಡ.

"ನೋಡಮ್ಮ, ಎಂಥ ಮನುಷ್ಯ ಇವನು," ಅಂದಳು ರೇವಿನ್.

"ಪಾಪ ಅಂತ ಬಿಟ್ಟುಕೊಟ್ಟಿದ್ರೆ ನಂಗೆ ಸಿಟ್ಟು ಬರ್ತಿತ್ತು," ಎಂದು ನೋಯ್ಲೀನ್ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡಳು. "ನೀನು ಆ ಆಲೂಗಡ್ಡೆ ಒಲೆ ಮೇಲಿಡು. ಪಕ್ಕದಲ್ಲಿ ಕೂತು ಮಾತಾಡಿದ್ರೆ ನಂಗೆ ಆಡೋಕಾಗಲ್ಲ."