ಕುಡಿಯದವನ ಕೊರಳ ಮಾಲೆ

ಚಡಚಣದ ಬಡಿಗೇರ ಕಾಳಪ್ಪ ತನ್ನ ಮನೆಯ ಬಾಗಿಲನ್ನು ಬೇಕೆಂದೇ ಗಿಡ್ಡ ಮಾಡಿದ್ದ. ಯಾರೇ ಬರಲಿ, ತಲೆ ಬಾಗಿಸಿಯೇ ಒಳಗೆ ಬರಬೇಕು ಎನ್ನುವುದು ಅವನ ಅಪ್ಪನಿಂದ ಬಂದ ಪದ್ಧತಿ. ಬೀಗರು ಬಾಗಿದ್ದರು, ಓಟು ಕೇಳಲು ಬಂದವರಂತೂ ಎರಡೆರಡು ಸಲ ಬಾಗಿದ್ದರು. ಬಾಗದೇ ಓಡಾಡಿದವಳು ಅವನ ಹೆಂಡತಿ ಗುರವ್ವ ಒಬ್ಬಳೇ. ಸೊಕ್ಕಿನಿಂದಲ್ಲ, ಅವಳ ಎತ್ತರವೇ ಅಷ್ಟು. ನಲವತ್ತು ವರ್ಷ ಅವಳು ಆ ಬಾಗಿಲಲ್ಲಿ ನೆಟ್ಟಗೆ ಬಂದು ನೆಟ್ಟಗೆ ಹೋಗಿದ್ದಳು.

೨೦೦೭ರ ದೀಪಾವಳಿಗೆ ಸುಣ್ಣ ಬಳಿಯುವ ಗಡಿಬಿಡಿಯಲ್ಲಿ ಕಾಳಪ್ಪನೇ ಬಾಗುವುದನ್ನು ಮರೆತ. ಚೌಕಟ್ಟು ಹಣೆಯ ಮೇಲ್ಗಡೆ ಠಪ್ಪೆಂದು ಬಡಿಯಿತು. ರಕ್ತ ಬರಲಿಲ್ಲ. ಗುರವ್ವ ಅರಿಷಿಣ ಒತ್ತಿ, "ಚೌಕಟ್ಟಿಗೇನೂ ಆಗಿಲ್ಲ ಬಿಡ್ರಿ, ಸಾಗವಾನಿ ಗಟ್ಟಿ ಐತಿ," ಎಂದಳು. ಇಬ್ಬರೂ ನಕ್ಕು ಮರೆತರು.

ತಿಂಗಳು ಕಳೆದ ಮೇಲೆ ಕಾಳಪ್ಪನ ನಡಿಗೆ ತಪ್ಪತೊಡಗಿತು. ಮಾತು ತೊದಲಿತು. ಉಳಿಯನ್ನು ಕೈಯಲ್ಲಿ ಹಿಡಿದುಕೊಂಡೇ ಉಳಿ ಎಲ್ಲಿ ಎಂದು ಮನೆಯೆಲ್ಲ ಹುಡುಕಿದ. ಸಂಜೆ ಅವನು ಗೆಳೆಯ ಶಮಶುದ್ದೀನನ ಕಟ್ಟಿಗೆ ಅಡ್ಡೆಗೆ ಹೋಗಿ ಚಹಾ ಕುಡಿದು ಬರುವುದು ರೂಢಿ. ಈಗ ಬರುವಾಗ ಗೋಡೆ ಹಿಡಿದು ಬರುತ್ತಿದ್ದ.

ಗುರವ್ವ ತೀರ್ಮಾನಕ್ಕೆ ಬರಲು ಎರಡು ದಿನವೂ ಹಿಡಿಯಲಿಲ್ಲ. ತೂರಾಡುವ ಗಂಡಸನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅವಳ ಅಪ್ಪ ಕುಡಿದು ಹಾಗೆ ತೂರಾಡುತ್ತಲೇ ಹೋಗಿ ಬಾವಿಗೆ ಬಿದ್ದು ಸತ್ತಿದ್ದ. ಕಾಳಪ್ಪನ ಬಾಯಿಂದ ಸೆರೆಯ ವಾಸನೆ ಬರುತ್ತಿರಲಿಲ್ಲ. ಏಲಕ್ಕಿ ಜಗಿದು ಬರುತ್ತಾನೆ ಎಂದುಕೊಂಡಳು. ಏಲಕ್ಕಿಯ ವಾಸನೆಯೂ ಬರುತ್ತಿರಲಿಲ್ಲ. ಆ ವಿಚಾರವನ್ನು ಅವಳು ಮುಂದುವರಿಸಲಿಲ್ಲ.

ಆ ಕಡೆ ಕುಡುಕರಿಗೆ ಒಂದು ಮದ್ದಿದೆ. ಪಂಢರಪುರದ ತುಳಸಿ ಮಾಲೆ. ಕೊರಳಿಗೆ ಹಾಕಿಸಿಕೊಂಡವನು ಮತ್ತೆ ಸೆರೆ ಮುಟ್ಟುವಂತಿಲ್ಲ, ಮಾಲೆ ತೆಗೆಯುವಂತಿಲ್ಲ. ಗುರವ್ವನ ಮಾತಿನ ಮೇಲೆ ಏಕಾದಶಿಯ ಭಜನೆಯಲ್ಲಿ, ಓಣಿಯ ಮಂದಿಯೆಲ್ಲ ಕೂತು ನೋಡುತ್ತಿರುವಾಗ, ವರ್ಷಾ ಪಂಢರಪುರಕ್ಕೆ ನಡೆದು ಹೋಗುವ ಹಿರಿಯ ವಾರಕರಿ ಪರಪ್ಪ ಮಾಲೆ ಹಿಡಿದು ನಿಂತ.

"ಇನ್ನ ಮುಂದ ಕುಡ್ಯಂಗಿಲ್ಲಂತ ವಿಠ್ಠಲನ ಮುಂದ ಹೇಳು, ಕಾಳಪ್ಪಾ."

"ನಾ ಹಿಂದನೂ ಕುಡದಿಲ್ಲೋ ಪರಪ್ಪಾ."

"ಎಲ್ಲಾರೂ ಹಿಂಗ ಅಂತಾರ," ಎಂದು ಪರಪ್ಪ ಮಾಲೆ ಹಾಕಿಯೇ ಬಿಟ್ಟ.

ಕಾಳಪ್ಪ ಗುರವ್ವನ ಕಡೆ ನೋಡಿದ. ಗುರವ್ವ ತಾಳ ಬಾರಿಸುವವರ ಕಡೆ ನೋಡಿದಳು.

ಎಂಟು ದಿನಕ್ಕೆ ಅವನು ಅಂಗಳದಲ್ಲಿ ಬಿದ್ದ. ಶಮಶುದ್ದೀನ ತನ್ನ ಟೆಂಪೊದಲ್ಲಿ ಸೊಲ್ಲಾಪುರದ ದವಾಖಾನೆಗೆ ಒಯ್ದ. ತಲೆಯ ಸ್ಕ್ಯಾನ್ ಮಾಡಿಸಿದರೆ ಬುರುಡೆಯ ಕೆಳಗೆ, ಮಿದುಳಿನ ಮೇಲೆ, ಹಳೆಯ ರಕ್ತ ನಿಂತಿತ್ತು. ತಲೆಗೆ ಬಿದ್ದ ಪೆಟ್ಟಿನಿಂದ ವಾರಗಟ್ಟಲೆ ಹನಿಹನಿಯಾಗಿ ಒಸರಿದ ರಕ್ತ. ಕುಡಿಯುತ್ತಾರೆಯೇ ಎಂದು ಡಾಕ್ಟರು ಕೇಳಿದರು. ಗುರವ್ವ, "ಹೌದ್ರಿ, ದಿನಾ," ಎಂದಳು. ಅದು ಫೈಲಿಗೆ ಹೋಯಿತು. ಕುಡಿದಿದ್ದಕ್ಕೇ ಚೌಕಟ್ಟು ಬಡಿದಿರಬೇಕು ಎಂದು ಅವಳು ಹೊಂದಿಸಿಕೊಂಡಿದ್ದಳು.

ತಲೆ ಬೋಳಿಸಿ, ಎರಡು ತೂತು ಕೊರೆದು, ಗಾಡಿಯ ಹಳೆ ಆಯಿಲ್‌ನಂಥ ರಕ್ತ ತೆಗೆದರು. ಎಚ್ಚರವಾದ ಕಾಳಪ್ಪ ಮೊದಲು ಕೇಳಿದ್ದು, "ತೂತು ಎಷ್ಟು ಇಂಚಿಂದು?" ಎರಡನೆಯ ಮಾತು, "ನಾ ಕುಡದಿಲ್ಲ." ಮೊದಲನೆಯದಕ್ಕೆ ಡಾಕ್ಟರು ಉತ್ತರ ಕೊಟ್ಟರು.

ಒಂದೂವರೆ ತಿಂಗಳಿಗೆ ರಕ್ತ ಮತ್ತೆ ನಿಂತಿತು. ಮತ್ತೆ ಬೋಳು, ಮತ್ತೆ ಅದೇ ತೂತು. ಮೂರನೇ ಸಲ ನಿಂತಾಗ ಸೊಲ್ಲಾಪುರದವರು ಪುಣೆಗೆ ಕಳಿಸಿದರು. ಅಷ್ಟರಲ್ಲಿ ಕಾಳಪ್ಪ ಯಾವ ಪ್ರಶ್ನೆಗೂ ಒಂದೇ ಉತ್ತರ ಕೊಡುತ್ತಿದ್ದ. ಹೆಸರೇನು ಎಂದರೆ "ಸಾಗವಾನಿ." ಊರು ಯಾವುದು ಎಂದರೂ "ಸಾಗವಾನಿ."

ಪುಣೆಯ ಡಾಕ್ಟರಮ್ಮ ಧಾರವಾಡದ ಕಡೆಯವರು. ಗುರವ್ವನನ್ನು ಕೂಡ್ರಿಸಿ ಹೇಳಿದರು. "ನೋಡ್ರಿ ತಾಯಿ, ಆ ರಕ್ತದ ಸುತ್ತ ಒಂದು ಪೊರಿ ಬೆಳದೈತಿ. ಎಷ್ಟು ಸಲ ತೆಗದ್ರೂ ಆ ಪೊರಿ ಮತ್ತ ಒಸರ್ತೈತಿ. ಅದಕ್ಕ ರಕ್ತ ಕೊಡೂ ಸಣ್ಣ ನಾಳ ಒಂದೈತಿ. ತೊಡಿಯಿಂದ ದಾರದಂಥಾ ನಳಿಗಿ ಏರಿಸಿ, ಅಲ್ಲಿಗೆ ಉಸುಕಿನಂಥಾ ಕಾಳು ಬಿಟ್ಟು, ಆ ನಾಳ ಮುಚ್ತೇವಿ. ತಲಿ ಕೊರಿಯೂದಿಲ್ಲ. ಇದು ಹೊಸಾದು, ನಾವೂ ಭಾಳ ಮಂದಿಗೆ ಮಾಡಿಲ್ಲ."

"ಮಾಡ್ರಿ."

"ಆದ್ರ ದಿನಾ ಕುಡೀತಾರಂತ ಬರದೈತಿ. ಕುಡಿತದಿಂದ ರಕ್ತ ಒಸರಾಕತ್ತಿದ್ರ ನಾಳ ಮುಚ್ಚಿ ಉಪಯೋಗಿಲ್ಲ. ಮೊದಲ ಅದನ್ನ ಬಿಡಿಸಿ, ಒಂದೆರಡು ತಿಂಗಳು ಕಾಯಬೇಕಾಗ್ತೈತಿ. ಅಲ್ಲೀತನಕ ಇವರು ತಡೀತಾರೋ ಇಲ್ಲೋ ನಾ ಹೇಳಲಾರೆ." ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನೀವು ಕಣ್ಣಾರೆ ನೋಡೀರೇನು?"

"ಇಲ್ರಿ."

"ವಾಸನಿ?"

"ಇಲ್ರಿ."

"ಮತ್ತ ಯಾಕ ಹೇಳಿದ್ರಿ?"

ಗುರವ್ವ ಗಂಡನ ಕಡೆ ನೋಡಿದಳು. ಅವನು ಚಾವಣಿಯ ಫ್ಯಾನನ್ನು ಗಮನವಿಟ್ಟು ನೋಡುತ್ತಿದ್ದ.

"ನಮ್ಮಪ್ಪ ಹಂಗ ನಡೀತಿದ್ನರಿ," ಎಂದಳು. ಹೇಳಿದ ಮೇಲೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. "ಇವರು ಒಂದ ಹನಿ ಮುಟ್ಟಿಲ್ಲ. ಇವರು ಎಷ್ಟು ಸಲ ಹೇಳಿದ್ರೂ ನಾ ಕೇಳಲಿಲ್ರಿ. ಬರದದ್ದರ ಮ್ಯಾಲ ಗೆರಿ ಎಳೀರಿ, ಡಾಕ್ಟರಬಾಯಿ."

ಡಾಕ್ಟರಮ್ಮ ರಕ್ತ ತಪಾಸಣೆ ಮಾಡಿಸಿದರು. ಯಕೃತ್ತು ಚೊಕ್ಕ ಇತ್ತು. ಫೈಲಿನ ಆ ಸಾಲಿನ ಮೇಲೆ ಗೆರೆ ಎಳೆದು ಸಹಿ ಹಾಕಿದರು. ಕೊರಳಲ್ಲಿ ಏನೂ ಇರಬಾರದು ಎಂದು ನರ್ಸ್ ಹೇಳಿದಾಗ ಗುರವ್ವನೇ ತುಳಸಿ ಮಾಲೆ ತೆಗೆದು ಸೆರಗಿಗೆ ಗಂಟು ಹಾಕಿಕೊಂಡಳು. ವಿಠ್ಠಲನಿಗೆ ಬೇಕಾದರೆ ತನ್ನ ಮೇಲೆ ಸಿಟ್ಟಾಗಲಿ ಎಂದುಕೊಂಡಳು.

ಎರಡೂವರೆ ತಾಸಿನ ಕೆಲಸ. ಮುಗಿದ ಮೇಲೆ ತೊಡೆಯ ಸಂದಿಯಲ್ಲಿ ಒಂದು ಪಟ್ಟಿ, ಅಷ್ಟೆ. ನಿಂತ ರಕ್ತವನ್ನು ಮೈಯೇ ಹೀರಿಕೊಳ್ಳುತ್ತದೆ, ಮೂರು ತಿಂಗಳು ತಾಳ್ಮೆ ಇರಲಿ ಎಂದರು. ಚಡಚಣಕ್ಕೆ ಬಂದಾಗ ಓಣಿಯವರು ತಲೆ ನೋಡಿದರು. ಈ ಸಲ ಬೋಳಿಸಿರಲಿಲ್ಲ. ತಲೆಯ ರೋಗಕ್ಕೆ ತೊಡೆಗೆ ಪಟ್ಟಿ ಕಟ್ಟಿದ ಪುಣೆಯವರ ಬಗ್ಗೆ ಯಾರಿಗೂ ಒಳ್ಳೆಯ ಅಭಿಪ್ರಾಯ ಬರಲಿಲ್ಲ. ಮೊದಲ ತಿಂಗಳು ಕಾಳಪ್ಪನಿಗೆ ಹೆಸರು ನೆನಪಾಯಿತು, ಎರಡನೆಯದರಲ್ಲಿ ಉಳಿ ಸಿಕ್ಕಿತು. ಮೂರನೆಯ ತಿಂಗಳ ಸ್ಕ್ಯಾನಿನಲ್ಲಿ ರಕ್ತ ಇರಲಿಲ್ಲ.

ಆಷಾಢ ಏಕಾದಶಿಯ ಮಧ್ಯಾಹ್ನ, ಭಜನೆಯ ನಡುವೆ, ಗುರವ್ವ ಎದ್ದು ನಿಂತಳು. ಕೈಯಲ್ಲಿ ಮಾಲೆಯೂ, ಗೆರೆ ಎಳೆದ ಹಾಳೆಯ ಝೆರಾಕ್ಸೂ ಇದ್ದವು.

"ಇವರು ಯಾವತ್ತೂ ಕುಡದಿಲ್ಲ. ನಾನ ಸುಳ್ಳು ಹೊರಿಸಿದ್ದೆ. ತಪ್ಪು ನಂದು."

ತಾಳ ನಿಂತವು. ಪರಪ್ಪ ಎರಡೂ ಕೈ ಎತ್ತಿದ. "ಮಾಲಿ ಮಹಿಮಾ ನೋಡ್ರೆಪಾ! ಆರು ತಿಂಗಳದಾಗ ಹೇಂತಿ ಬಾಯಿಂದನ 'ಯಾವತ್ತೂ ಕುಡದಿಲ್ಲ' ಅನಸ್ತು!" ಮಂದಿಯೆಲ್ಲ ವಿಠ್ಠಲ ವಿಠ್ಠಲ ಎಂದರು. ಝೆರಾಕ್ಸಿಗೆ ಕುಂಕುಮ ಹಚ್ಚಿ ದೇವರ ಪಾದದಲ್ಲಿಟ್ಟರು. ಮಾಲೆ ಮತ್ತೆ ಕಾಳಪ್ಪನ ಕೊರಳಿಗೆ ಬಂತು. ಅವನು ಭುಜ ಕುಣಿಯುವಂತೆ ನಕ್ಕ. ಗುರವ್ವನಿಗೆ ಅಳು ಬಂತು.

"ಸಾಕ ಬಿಡು," ಎಂದ ಅವನು ದಾರಿಯಲ್ಲಿ. "ಊರು ನಂಬಂಗಿಲ್ಲ."

"ನಾ ನಂಬೀನಲ್ರಿ."

"ಭಾಳ ಜಲ್ದಿ ನಂಬಿದಿ."

ಮನೆ ಬಂತು. ಕಾಳಪ್ಪ ತಲೆ ಬಾಗಿಸಿ ಒಳಗೆ ಹೋದ. ಗುರವ್ವ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು. ಅವಳ ತಲೆಗೂ ಚೌಕಟ್ಟಿಗೂ ನಡುವೆ ಎಂದಿನಂತೆ ನಾಲ್ಕು ಬೆರಳು ಜಾಗವಿತ್ತು. ಅವಳು ತಲೆ ಬಾಗಿಸಿ ಒಳಗೆ ಹೋದಳು.