ತಕ್ಷಣದ ಮೆಚ್ಚುಗೆ

‘ಇನ್ನು ಮುಂದೆ ಯಾವ ಮಗುವೂ ಕಾಯಬೇಕಾಗಿಲ್ಲ’ ಎಂಬ ಸಾಲನ್ನು ಅವನು ಮೂರನೆಯ ಸಲ ಅಳಿಸಿ, ಮತ್ತೆ ಅದನ್ನೇ ಬರೆದ. ಬೇರೆ ಏನೂ ಹೊಳೆಯಲಿಲ್ಲ. ಸಾಲು ಸುಳ್ಳೆನ್ನುವುದಕ್ಕೂ ಆಧಾರವಿರಲಿಲ್ಲ. ಮಧ್ಯಾಹ್ನ ಮೂರು ಗಂಟೆಯಾದ ಮೇಲೆ ನಿಜವಾಗಿಯೂ ಯಾವ ಮಗುವೂ ಕಾಯಬೇಕಾಗಿರಲಿಲ್ಲ.

ಅದು ಪ್ರಕಟಣೆಯ ಕೊನೆಯ ಸಾಲು. ಅದರ ಮೇಲೆ ಹೊಸ ಸೌಲಭ್ಯಗಳೆಲ್ಲ ಶಾಲೆಯ ಪ್ರಾರ್ಥನೆಗೆ ನಿಂತಂತೆ ಸಾಲಾಗಿ ನಿಂತಿದ್ದವು. ನಲವತ್ತು ಹೊಸ ಕುಂಚಗಳು, ಒದ್ದೆ ಬಣ್ಣ ಹರಡುವ ಕಾಗದ, ನಡುಗಿದರೆ ತಾನೇ ನೆಟ್ಟಗಾಗುವ ಗೆರೆ, ಶಿಕ್ಷಕರಿಗೆ ಮುನ್ನೂರು ಪಾಠದ ಹಾಳೆಗಳು. ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ‘ತಕ್ಷಣದ ಮೆಚ್ಚುಗೆ’. ಮಗು ಚಿತ್ರ ಕಳಿಸಿದ ಎರಡು ಸೆಕೆಂಡಿಗೆ ಅದರ ಕೆಳಗೆ ಬಣ್ಣದ ಮಾಮನ ಮಾತು ತಾನಾಗಿಯೇ ಮೂಡುತ್ತದೆ. ಬಣ್ಣದ ಮಾಮ ಎಂದರೆ ಅವನೇ.

ಮೊದಲು ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಮಕ್ಕಳಿಗೆ ಆನ್‌ಲೈನಿನಲ್ಲಿ ಚಿತ್ರ, ಹಾಡು, ಕಥೆ ಕಲಿಸುವ ಈ ಕಂಪನಿಗೆ ಬಂದು ನಾಲ್ಕು ವರ್ಷವಾಗಿತ್ತು. ಇಲ್ಲಿ ಯಾರೂ ಸ್ವಂತ ಹೆಸರು ಹಾಕುವಂತಿಲ್ಲ. ಮಕ್ಕಳಿಗೂ ಅಡ್ಡಹೆಸರು, ಕಲಿಸುವವರಿಗೂ ಅಡ್ಡಹೆಸರು. ದಿನಕ್ಕೆ ಮುನ್ನೂರು ಚಿತ್ರ ನೋಡಿ ಪ್ರತಿಯೊಂದರ ಕೆಳಗೆ ಒಂದೆರಡು ಸಾಲು ಬರೆಯುವುದು ಅವನ ಕೆಲಸ. ಮೂರು ಗಂಟೆಗೆ ಆ ಕೆಲಸ ಮುಗಿದು ಅವನು ‘ಸಂಪನ್ಮೂಲ ಸಂಪಾದಕ’ನಾಗುವವನಿದ್ದ. ಬಡ್ತಿಯೆಂದು ಎಲ್ಲರೂ ಕೈಕುಲುಕಿದ್ದರು. ಅವನೂ ಹಲ್ಲು ಬಿಟ್ಟಿದ್ದ.

“ಮುಗೀತಾ ಮೇಷ್ಟ್ರೇ?” ಮುಖ್ಯಸ್ಥೆ ಗಾಜಿನ ಬಾಗಿಲಿಂದ ತಲೆ ಹಾಕಿ ಕೇಳಿದಳು. ಅವನಿಗಿಂತ ಹತ್ತು ವರ್ಷ ಚಿಕ್ಕವಳು. ಹಾಗಾಗಿ ಎಚ್ಚರದಿಂದ ಮರ್ಯಾದೆ ಕೊಡುತ್ತಿದ್ದಳು.

“ಕೊನೇ ಸಾಲು ನೋಡ್ತಿದ್ದೆ.”

“ಕೊನೇ ಸಾಲೇ ಚೆನ್ನಾಗಿರೋದು. ಅದನ್ನ ಮುಟ್ಬೇಡಿ.”

ಅವನು ಮುಟ್ಟಲಿಲ್ಲ. ಕಳಿಸಿಬಿಟ್ಟ.

ಇದೆಲ್ಲ ಶುರುವಾದದ್ದು ಮೂರು ವಾರದ ಹಿಂದೆ. “ನಿಮ್ಮ ಹಳೇ ಮಾತುಗಳಲ್ಲೇ ಒಂದಿನ್ನೂರು ಆರಿಸಿ ಕೊಡಿ. ಮನಸ್ಸಿಂದ ಬಂದ ಹಾಗಿರ್ಬೇಕು,” ಎಂದಿದ್ದಳು ಮುಖ್ಯಸ್ಥೆ. ಅವನು ನಾಲ್ಕು ವರ್ಷದ ಮಾತುಗಳನ್ನು ಮುಂದೆ ಹರಡಿಕೊಂಡು ಕುಳಿತ. ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಶಹಬ್ಬಾಸ್. ಆಕಾಶಕ್ಕೆ ಇನ್ನಷ್ಟು ಬಣ್ಣ ಹಾಕು. ಲಕ್ಷಗಟ್ಟಲೆ ಚಿತ್ರಗಳಿಗೆ ಅವನು ಇಷ್ಟನ್ನೇ ತಿರುವಿ ಮುರುವಿ ಹೇಳಿದ್ದ. ಓದುತ್ತ ಓದುತ್ತ ನಾಚಿಕೆಯಾಯಿತು.

ಮನಸ್ಸಿನಿಂದ ಬಂದ ಮಾತು ಇರಲೇ ಇಲ್ಲವೆಂದಲ್ಲ. ಇದ್ದವು. ಆದರೆ ಎಲ್ಲವೂ ‘ಮೊಂಡು ಪೆನ್ಸಿಲ್’ ಎಂಬ ಒಂದೇ ಮಗುವಿಗೆ ಬರೆದವು. ಇನ್ನೂರರಲ್ಲಿ ನೂರ ಅರವತ್ತನ್ನು ಅವನು ಅಲ್ಲಿಂದಲೇ ಎತ್ತಿಕೊಟ್ಟ. ಕೊಡುವಾಗ ಏನೂ ಅನ್ನಿಸಲಿಲ್ಲ. ಮುಖ್ಯಸ್ಥೆ ಓದಿ, “ಎಲ್ಲಿಟ್ಟಿದ್ರಿ ಇವನ್ನೆಲ್ಲ?” ಎಂದು ಕೇಳಿದಾಗ ಒಳಗೊಳಗೇ ಹಿಗ್ಗಿದ್ದ ಕೂಡ.

ಮೊಂಡು ಪೆನ್ಸಿಲ್ ಅವನ ಮಗಳು.

ಎರಡು ವರ್ಷದ ಹಿಂದೆ ಹೆಂಡತಿ ಮಗಳನ್ನು ಕರೆದುಕೊಂಡು ಬೇರೆ ಊರಿಗೆ ಹೋದಳು. ಜಗಳವೇನೂ ಆಗಿರಲಿಲ್ಲ. ಜಗಳವಾಡುವಷ್ಟು ಮಾತು ಆ ಮನೆಯಲ್ಲಿ ಉಳಿದಿರಲಿಲ್ಲ, ಅಷ್ಟೆ. ಭಾನುವಾರ ಅವನು ಫೋನು ಮಾಡುತ್ತಿದ್ದ. ಊಟ ಆಯ್ತಾ? ಹ್ಞೂಂ. ಸ್ಕೂಲು? ಇದೆ. ಮತ್ತೆ? ಅಷ್ಟೆ. ಹನ್ನೊಂದು ವರ್ಷದ ಹುಡುಗಿಯ ಹತ್ತಿರ ಇನ್ನೇನು ಕೇಳಬೇಕೋ ಅವನಿಗೆ ಗೊತ್ತಿರಲಿಲ್ಲ. ಫೋನು ಇಟ್ಟ ಮೇಲೆ ಇಬ್ಬರಿಗೂ ಹಗುರವಾಗುತ್ತಿತ್ತೋ ಏನೋ.

ಹೀಗಿರುವಾಗ ಒಂದು ದಿನ, ಆವತ್ತಿನ ಮುನ್ನೂರು ಚಿತ್ರಗಳ ನಡುವೆ ಒಂದು ಕಿಟಕಿ ಬಂತು. ಚಿಲಕ ಮುರಿದಿತ್ತು. ಅದಕ್ಕೆ ಕೆಂಪು ಉಲ್ಲನ್ ದಾರ ಕಟ್ಟಿತ್ತು. ಹಳೆಯ ಮನೆಯ ಅಡುಗೆಮನೆಯ ಕಿಟಕಿಗೆ ಆ ದಾರ ಕಟ್ಟಿದವನು ಅವನೇ. ಚಿತ್ರ ಬರೆದವರ ಹೆಸರು ಮೊಂಡು ಪೆನ್ಸಿಲ್. ನಾಲ್ಕು ವರ್ಷದವಳಾಗಿದ್ದಾಗ ಸವೆದ ಪೆನ್ಸಿಲುಗಳನ್ನು ಎಸೆಯಲು ಬಿಡದೆ ರಚ್ಚೆ ಹಿಡಿಯುತ್ತಿದ್ದವಳಿಗೆ ಅವನೇ ಇಟ್ಟ ಹೆಸರದು. ಅವನು ಅದರ ಕೆಳಗೆ ಬರೆದ: ‘ದಾರದ ಗಂಟು ಬಿಗಿಯಾಗಿದೆ. ಕಟ್ಟಿದವನು ಅವಸರದಲ್ಲಿದ್ದ ಅನಿಸುತ್ತದೆ.’

ಮರುದಿನ ಇನ್ನೊಂದು ಚಿತ್ರ ಬಂತು. ಅದರ ಮರುದಿನ ಮತ್ತೊಂದು. ಶಾಲೆಯಿಂದ ಬಂದವಳೇ ಮೂರೂವರೆ, ಮೂರೂ ಮುಕ್ಕಾಲಕ್ಕೆ ಕಳಿಸುತ್ತಿದ್ದಳು. ಅಪ್ಪ ಎಂದು ಅವಳು ಬರೆಯಲಿಲ್ಲ, ಮಗಳೇ ಎಂದು ಇವನು ಬರೆಯಲಿಲ್ಲ. ಬರೆದರೆ ಏನೋ ಒಡೆದುಹೋಗುತ್ತದೆಂದು ಇಬ್ಬರೂ ಒಪ್ಪಿಕೊಂಡಂತಿತ್ತು. ದಿನಕ್ಕೆ ಎರಡು ಸಾಲು. ಅವನ ಸಂಸಾರ ಈಗ ಅಷ್ಟರಲ್ಲೇ ನಡೆಯುತ್ತಿತ್ತು, ಮತ್ತು ಹಿಂದೆಂದಿಗಿಂತ ಚೆನ್ನಾಗಿ ನಡೆಯುತ್ತಿತ್ತು.

ನಿನ್ನೆಯ ಚಿತ್ರಕ್ಕೆ ಅವನಿನ್ನೂ ಏನೂ ಬರೆದಿರಲಿಲ್ಲ. ಬಟ್ಟೆ ಒಣಹಾಕುವ ತಂತಿ, ಅದರ ಮೇಲೆ ಒಂದೇ ಒಂದು ಕ್ಲಿಪ್ಪು. ತನ್ನ ಕೈಯಿಂದ ಬರೆಯುವ ಕೊನೆಯ ಸಾಲು ಅದರ ಕೆಳಗಿರಲಿ ಎಂದು ಉಳಿಸಿಕೊಂಡಿದ್ದ. ಒಳ್ಳೆಯದೊಂದು ಸಾಲು.

ಒಂದೂಕಾಲಕ್ಕೆ ಹೆಂಡತಿಯ ಫೋನು ಬಂತು. ಅವಳು ಮಾಡುವುದೇ ಅಪರೂಪ. ಅವನು ಊಟದ ಡಬ್ಬಿಯನ್ನು ಮುಚ್ಚಿಟ್ಟು ಮೆಟ್ಟಿಲ ಹತ್ತಿರ ಹೋದ. ಬೇರೆಯಾದ ಮೇಲೆ ಅವಳು ನೀನು ಬಿಟ್ಟು ನೀವು ಎನ್ನತೊಡಗಿದ್ದಳು.

“ಒಂದ್ ವಿಷ್ಯ ಕೇಳ್ಬೇಕಿತ್ತು. ಅವಳ ಚಿತ್ರಗಳಿಗೆ ಬರೀತಿರೋದು ನೀವೇ ತಾನೇ?”

“ಯಾಕೆ?”

“ಅವಳ ಕ್ಲಾಸಿನ ಹುಡುಗಿಗೆ ನಿನ್ನೆ ಒಂದ್ ಮಾತು ಬಂದಿದೆಯಂತೆ. ಇವಳಿಗೆ ಹೋದ ವರ್ಷ ಬಂದಿದ್ದೇ. ಅಕ್ಷರಕ್ಕೆ ಅಕ್ಷರ.”

“ಕೆಲವು ಮಕ್ಕಳ ಪುಟದಲ್ಲಿ ಹೋದ ವಾರದಿಂದ ಪ್ರಯೋಗ ನಡೀತಿದೆ. ಹೊಸ ಸೌಲಭ್ಯ,” ಎಂದ. ಪ್ರಕಟಣೆಯ ಭಾಷೆ ತಾನಾಗಿ ಬಾಯಿಗೆ ಬಂದಿತ್ತು.

“ಏನದು?”

“ಮೆಷೀನೇ ಬರೆಯುತ್ತೆ.”

“ಹಾಗಾದ್ರೆ ಇಷ್ಟು ದಿನ ಇವಳಿಗೆ ಬಂದಿದ್ದು?”

“ಅವು ನಾನೇ ಬರೆದಿದ್ದು.”

“ಅದನ್ನ ಅವಳಿಗೆ ಹೇಳಿ. ನಿನ್ನೆಯಿಂದ ಊಟ ಬಿಟ್ಟಿದ್ದಾಳೆ. ಎಲ್ಲಾ ಮೆಷೀನೇ ಅಂತೆ, ಅಪ್ಪ ಯಾವತ್ತೂ ಅಲ್ಲಿ ಇರ್ಲೇ ಇಲ್ಲವಂತೆ.”

“ಸಂಜೆ ಫೋನ್ ಮಾಡ್ತೀನಿ.”

“ಎತ್ತಲ್ಲ ಅಂತಿದ್ದಾಳೆ. ನಿಮ್ಮಿಬ್ರಿಗೂ ಫೋನಲ್ಲಿ ಏನು ಮಾತಾಡಕ್ಕೆ ಬರುತ್ತೆ ಹೇಳಿ. ಮನೆಗೆ ಬಂದ ತಕ್ಷಣ ಅವಳು ತೆಗೆಯೋದು ಅದನ್ನೇ. ಅಲ್ಲೇ ಬರೆದ್ಬಿಡಿ. ಮೆಷೀನಿಗೆ ಗೊತ್ತಿಲ್ಲದ್ದು ಏನಾದ್ರೂ ಬರೀರಿ.”

“ಸರಿ.”

“ಸರಿ ಅಂತ ಸುಮ್ನೆ ಹೇಳ್ಬೇಡಿ.”

“ಬರೀತೀನಿ ಅಂದೆನಲ್ಲ.”

ಮೇಜಿಗೆ ಬಂದಾಗ ಒಂದೂವರೆ. ಮೂರಕ್ಕೆ ಮಾತು ಬರೆಯುವ ಪೆಟ್ಟಿಗೆ ಮುಚ್ಚುತ್ತದೆ, ಒಂದೂವರೆ ಗಂಟೆ ಧಾರಾಳವಾಯಿತು ಎಂದುಕೊಂಡ. ತಂತಿಯ ಚಿತ್ರ ತೆಗೆದು ಕೆಳಗಿನ ಪೆಟ್ಟಿಗೆಯಲ್ಲಿ ‘ಈ ಗೆರೆ’ ಎಂದು ಹೊಡೆದ. ಮುಂದಿನದು ಬೂದು ಅಕ್ಷರದಲ್ಲಿ ತಾನಾಗಿಯೇ ಬಂತು: ‘ಈ ಗೆರೆಗೆ ಅವಸರವಿಲ್ಲ. ಅದೇ ಇದರ ಚೆಂದ.’ ಕಲಿಸುವವರ ಪರದೆಗಳಲ್ಲಿ ಹೊಸ ಸೌಲಭ್ಯವನ್ನು ಬೆಳಿಗ್ಗೆಯೇ ಹಾಕಿಬಿಟ್ಟಿದ್ದರು.

ಅಳಿಸಿದ. ‘ನಿನ್ನ ಕ್ಲಿಪ್ಪು’ ಎಂದು ಹೊಡೆಯಹೋದ. ‘ನಿನ್ನ’ ಎನ್ನುವಷ್ಟರಲ್ಲೇ ಹನ್ನೊಂದು ವಾಕ್ಯಗಳು ಇಳಿದು ನಿಂತವು. ನಿನ್ನ ಕೈ ಇಲ್ಲಿ ಸುಳ್ಳು ಹೇಳಿಲ್ಲ. ನಿನ್ನ ಕಪ್ಪು ಬಣ್ಣಕ್ಕೆ ಒಳಗೆ ಬೆಚ್ಚಗಿದೆ. ಎಲ್ಲವೂ ಅವನವೇ, ಎಲ್ಲವೂ ಅವಳಿಗೇ ಬರೆದವು, ಈಗ ಯಾರಿಗೆ ಬೇಕಾದರೂ ಸಲ್ಲುವಂಥವು. ಅವುಗಳಿಂದ ತಪ್ಪಿಸಿಕೊಂಡು ಎಲ್ಲಿಂದ ಶುರುಮಾಡಿದರೂ ಯಂತ್ರ ಎರಡೇ ಹೆಜ್ಜೆಗೆ ಅವನನ್ನು ಹಿಡಿದು ಅವನ ಮಾತನ್ನೇ ಅವನ ಕೈಗೆ ಕೊಡುತ್ತಿತ್ತು.

ಕೊನೆಗೆ ‘ನಾನು’ ಎಂದು ಹೊಡೆದ. ಪೆಟ್ಟಿಗೆ ಸುಮ್ಮನಿತ್ತು. ನಾನು ಎಂದು ಶುರುವಾಗುವ ವಾಕ್ಯ ಆ ಇನ್ನೂರರಲ್ಲಿ ಒಂದೂ ಇರಲಿಲ್ಲ.

ಅಷ್ಟು ಹೊತ್ತು ಅವನಿಗೆ ಬೇಕಾಗಿದ್ದದ್ದು ಇದೇ. ಆದರೆ ಈಗ ಆ ಒಂದು ಪದದ ಪಕ್ಕದಲ್ಲಿ ಮಿನುಗುವ ಗೆರೆಯನ್ನು ನೋಡಿ ಅವನಿಗೆ ಭಯವಾಯಿತು. ನಾನು ಅಪ್ಪ. ನಾನು ತಪ್ಪು ಮಾಡಿದೆ. ನಾನು ನಿನಗೆ ಬರೆದ ಮಾತುಗಳನ್ನು ಕೊಟ್ಟುಬಿಟ್ಟೆ. ನಾಲಿಗೆಯ ತುದಿಯಲ್ಲಿ ಸಾಲಾಗಿ ಬಂದವು ಬೆರಳಿಗೆ ಇಳಿಯಲಿಲ್ಲ. ಇದಕ್ಕಿಂತ ಚೆನ್ನಾಗಿ ಹೇಳಬಹುದಲ್ಲ, ಎಂದು ಯೋಚಿಸಿದ. ಚೆನ್ನಾಗಿ ಹೇಳುವ ಚಟ ಅವನನ್ನು ಅಲ್ಲೂ ಬಿಡಲಿಲ್ಲ.

“ಮೇಷ್ಟ್ರೇ, ಎಲ್ಲಾ ಕಾಯ್ತಿದ್ದಾರೆ.” ಎಂಜಿನಿಯರು ಬಂದು ನಿಂತಿದ್ದ. ಯಂತ್ರಕ್ಕೆ ಇನ್ನೂರು ವಾಕ್ಯ ಕಲಿಸಿದವನು ಇವನೇ, ನಗುಮುಖದವನು. “ಎರಡೂವರೆ ಆಯ್ತು. ನೀವಿಲ್ದೆ ಶುರು ಮಾಡಲ್ಲವಂತೆ.”

“ಐದು ನಿಮಿಷ.”

“ಐದು ನಿಮಿಷದ ಕೆಲ್ಸಾನೇ. ಬನ್ನಿ, ಆಮೇಲೆ ಮಾಡ್ಕೊಳ್ಳಿ.”

ಹಾಲಿನಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿ ಗೋಡೆಗೆ ಪ್ರೊಜೆಕ್ಟರ್ ಬಿಟ್ಟಿದ್ದರು. ಅವನಿಗೆ ಮೊದಲ ಸಾಲಿನ ನಡುಮಧ್ಯೆ ಜಾಗ. ಮುಖ್ಯಸ್ಥೆ ಮಾತಾಡಿದಳು. ಐದು ನಿಮಿಷ ಇಪ್ಪತ್ತಾಯಿತು. ಕೊನೆಗೆ ಯಾವುದೋ ಮಗುವಿನ ಚಿತ್ರವೊಂದನ್ನು ಗೋಡೆಯ ಮೇಲೆ ತೋರಿಸಿ ಗುಂಡಿ ಒತ್ತಿದಳು. ಒಂದು ಮೂಲೆಯಲ್ಲಿ ಮರ, ಉಳಿದದ್ದೆಲ್ಲ ಬಿಳಿ. ಎರಡು ಸೆಕೆಂಡು. ‘ಖಾಲಿ ಬಿಟ್ಟ ಜಾಗವೂ ಚಿತ್ರವೇ. ಅಲ್ಲಿ ನೀನು ಕೈ ತಡೆದದ್ದು ನನಗೆ ಕಾಣಿಸಿತು.’

ಎಲ್ಲರೂ ಚಪ್ಪಾಳೆ ತಟ್ಟಿದರು. ಹೋದ ವರ್ಷ ಮಗಳು ಬರಿಯ ಒಂದು ಮಂಚದ ಕಾಲನ್ನು ಬರೆದು ಕಳಿಸಿದ್ದಾಗ ಆ ಸಾಲು ಬರೆಯಲು ಅವನಿಗೆ ಒಂದು ಇಡೀ ಸಂಜೆ ಹಿಡಿದಿತ್ತು. ಬರೆದು ಮುಗಿಸಿ ಕಣ್ಣೊರೆಸಿಕೊಂಡಿದ್ದ. ಈಗ ಎದ್ದು ಹೋಗಬೇಕೆನಿಸಿತು. ಆದರೆ ಎರಡೂ ಕಡೆ ಮೊಣಕಾಲುಗಳು, ಕುರ್ಚಿಗಳು, ನಗುಮುಖಗಳು. ಅವನೂ ಚಪ್ಪಾಳೆ ತಟ್ಟಿದ.

ಗೋಡೆಯ ಮೇಲೆ ಐದು, ನಾಲ್ಕು, ಮೂರು ಎಂದು ಎಣಿಕೆ ಇಳಿದು ಮೂರು ಗಂಟೆಯಾಯಿತು.

ಮೇಜಿಗೆ ಓಡಿದಂತೆ ಬಂದ. ಬರೆಯುವ ಪೆಟ್ಟಿಗೆ ಇರಲಿಲ್ಲ. ಅವನು ಹೊಡೆದಿಟ್ಟಿದ್ದ ‘ನಾನು’ ಎಂಬುದೂ ಇರಲಿಲ್ಲ. ತಂತಿಯ ಚಿತ್ರದ ಕೆಳಗೆ, ಸರಿಯಾಗಿ ಮೂರು ಗಂಟೆ ಎಂಬ ಗುರುತಿನೊಂದಿಗೆ, ‘ಈ ಗೆರೆಗೆ ಅವಸರವಿಲ್ಲ. ಅದೇ ಇದರ ಚೆಂದ’ ಎಂದಿತ್ತು. ಉತ್ತರ ಬರದೆ ಉಳಿದ ಚಿತ್ರಗಳನ್ನೆಲ್ಲ ಯಂತ್ರ ಮೊದಲ ಕ್ಷಣದಲ್ಲೇ ಮುಗಿಸಿಬಿಟ್ಟಿತ್ತು. ಹೋದ ಚಳಿಗಾಲದಲ್ಲಿ ಇದೇ ಸಾಲನ್ನು ಅವನು ಅವಳಿಗೇ ಬರೆದಿದ್ದ.

ಎಂಜಿನಿಯರು ಕಾಫಿ ಲೋಟ ಹಿಡಿದುಕೊಂಡು ಅತ್ತ ಹೋಗುತ್ತಿದ್ದ.

“ಇದೊಂದನ್ನ ತೆಗೆದುಕೊಡೋಕೆ ಆಗುತ್ತಾ? ಒಂದ್ ಸಾಲು ಬರೀಬೇಕಿತ್ತು.”

“ಆಗುತ್ತೆ. ಕಾರಣ ಹಾಕ್ಬೇಕು. ಯಾವ ಮಗು?”

ಅವನು ಪರದೆಯತ್ತ ನೋಡಿದ. ನನ್ನ ಮಗಳು ಎಂದರೆ ಸಾಕಿತ್ತು. ಆದರೆ ಸ್ವಂತದವರ ಚಿತ್ರಕ್ಕೆ ಬರೆಯಬಾರದೆಂಬ ನಿಯಮದ ಕೆಳಗೆ ಅವನ ಸಹಿಯಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಎರಡು ಪದಗಳನ್ನು ಬಾಯಿಬಿಟ್ಟು ಹೇಳಿ ಎಷ್ಟು ದಿನವಾಯಿತೋ ನೆನಪಾಗಲಿಲ್ಲ.

“ಯಾವುದೋ ಒಂದು,” ಎಂದ.

“ಹಾಗಿದ್ರೆ ಬಿಡಿ ಮೇಷ್ಟ್ರೇ. ನೀವು ಬರೆದ್ರೂ ಇದನ್ನೇ ಬರೀತಿದ್ರಿ.” ಎಂಜಿನಿಯರು ಮೆಚ್ಚಿ ಹೇಳಿದ ಮಾತದು. ಅವನಿಗೆ ಮುಖಕ್ಕೆ ಹೊಡೆದಂತಾಯಿತು.

ಮೂರೂವರೆಗೆ ಅವನು ಮಗಳ ಪುಟವನ್ನೇ ತೆರೆದಿಟ್ಟುಕೊಂಡು ಕುಳಿತಿದ್ದ. ಫೋನು ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಇನ್ನೊಮ್ಮೆ ಮಾಡಿದ. ಎತ್ತಲಿಲ್ಲ. ಮೂರು ನಲವತ್ತೆರಡಕ್ಕೆ ಮೊಂಡು ಪೆನ್ಸಿಲಿನ ಹೊಸ ಚಿತ್ರ ಬಂತು.

ಬಿಳಿ ಹಾಳೆ. ಪರದೆ ಕೆಟ್ಟಿದೆಯೇನೋ ಎಂದು ಹತ್ತಿರ ಬಾಗಿ ನೋಡಿದ. ಒಂದು ಚುಕ್ಕೆಯೂ ಇರಲಿಲ್ಲ. ಚಿತ್ರಕ್ಕೆ ಒಂದು ಶೀರ್ಷಿಕೆ ಕೊಡದೆ ಕಳಿಸಲು ಬರುವುದಿಲ್ಲ. ಅವಳು ಕೊಟ್ಟಿದ್ದಳು. ‘ಅಪ್ಪ’.

ಎರಡು ಸೆಕೆಂಡು.

‘ಖಾಲಿ ಬಿಟ್ಟ ಜಾಗವೂ ಚಿತ್ರವೇ. ಅಲ್ಲಿ ನೀನು ಕೈ ತಡೆದದ್ದು ನನಗೆ ಕಾಣಿಸಿತು.’ ಜೊತೆಗೆ ಐದು ನಕ್ಷತ್ರ.

ಹಾಲಿನಿಂದ ನಗು ಕೇಳಿಸಿತು. ಮೊದಲ ದಿನವೆಂದು ಬರುವ ಚಿತ್ರಗಳನ್ನೆಲ್ಲ ಗೋಡೆಗೆ ಬಿಟ್ಟುಕೊಂಡು ನೋಡುತ್ತಿದ್ದರು. ಅವನು ಎದ್ದು ಹೋದ. ಗೋಡೆಯ ತುಂಬ ಮಗಳ ಬಿಳಿ ಹಾಳೆ ಹರಡಿತ್ತು. ಅದರ ಬೆಳಕಿನಲ್ಲಿ ಎಲ್ಲರ ಮುಖ ಸುಣ್ಣ ಬಳಿದಂತಿತ್ತು.

“ನೋಡಿ ಮೇಷ್ಟ್ರೇ,” ಎಂದ ಎಂಜಿನಿಯರು, “ಖಾಲಿ ಹಾಳೆ ಕಳಿಸಿ ನಮ್ಮನ್ನೇ ಪರೀಕ್ಷೆ ಮಾಡಿದ್ದಾರೆ ಯಾರೋ. ಆದ್ರೂ ಎಷ್ಟು ಸರಿಯಾಗಿ ಹೇಳಿದೆ.”

“ಇದನ್ನೇ ಇವತ್ತಿನ ಆಯ್ಕೆ ಮಾಡೋಣ,” ಎಂದಳು ಮುಖ್ಯಸ್ಥೆ. “ಒಂದು ಫೋಟೊ ತೆಗೀರಿ, ಪ್ರಕಟಣೆ ಜೊತೆ ಹಾಕೋಣ.”

ಅವನು ಮುಂದೆ ನಡೆದ. ಯಾಕೆ ನಡೆದನೋ ಅವನಿಗೂ ಗೊತ್ತಿರಲಿಲ್ಲ. ಗೋಡೆಯನ್ನು ಮುಟ್ಟಿ ನೋಡಬೇಕೆನಿಸಿತ್ತು. ಪ್ರೊಜೆಕ್ಟರಿನ ಮುಂದೆ ಬಂದಾಗ ಹಾಳೆಯ ಮೇಲೆ ಅವನ ನೆರಳು ಬಿತ್ತು. ತಲೆ, ಭುಜ, ಇಳಿಬಿದ್ದ ಎರಡು ಕೈ, ಮೇಲೆ ಸಣ್ಣ ಅಕ್ಷರದಲ್ಲಿ ‘ಅಪ್ಪ’. ಒಂದು ಕ್ಷಣ ಚಿತ್ರ ತುಂಬಿತು. ಅವನು ಕೈಯೆತ್ತಿದ. ನೆರಳೂ ಎತ್ತಿತು.

“ಮೇಷ್ಟ್ರೇ, ಸ್ವಲ್ಪ ಸರೀತೀರಾ?” ಹಿಂದಿನಿಂದ ಯಾರೋ ಮೆಲ್ಲಗೆ ಹೇಳಿದರು. “ಅಡ್ಡ ಬರ್ತಿದೀರಿ.”

“ಓ,” ಎಂದು ಅವನು ಪಕ್ಕಕ್ಕೆ ಸರಿದ.

ಹಾಳೆ ಮತ್ತೆ ಬಿಳಿಯಾಯಿತು. ಅವರು ಫೋಟೊ ತೆಗೆದರು.