ತನ್ನ ರಿಕಾರ್ಡಿನ ಹಿಂದೆ ಓಡಿದ ಉಳವಪ್ಪ

ನಮ್ಮ ಹತ್ತಿಮತ್ತೂರಿನ ಉಳವಪ್ಪ ತತ್ವಪದ ಹಾಡಲು ಕೂತರೆ ಅವಸರ ಎಂಬುದೇ ಇರುತ್ತಿರಲಿಲ್ಲ. ಅವನು ಒಂದು ಸಾಲು ಎಳೆದು ಮುಗಿಸುವಷ್ಟರಲ್ಲಿ ಎಲೆಅಡಿಕೆ ಹಾಕಿಕೊಂಡು, ಹೊರಗೆ ಉಗುಳಿ ಬಂದು ಕೂರಬಹುದಿತ್ತು. ಹಿಂದೆ ಕೂತು ತಾಳ ಹಾಕುತ್ತಿದ್ದ ನನಗೆ ಅದರಷ್ಟು ಸುಖದ ಕೆಲಸ ಇನ್ನೊಂದಿರಲಿಲ್ಲ. ಎಪ್ಪತ್ತಮೂರನೇ ಇಸವಿಯಲ್ಲಿ ಯಾವುದೋ ಕಂಪನಿಯವರು ಅವನನ್ನು ಮುಂಬೈಗೆ ಕರೆಸಿ ಹಾಡಿಸಿ, ದೊಡ್ಡದೊಂದು ಎಲ್‌ಪಿ ರಿಕಾರ್ಡು ಹೊರತಂದರು. ಊರಿಗೆ ಊರೇ ಉಬ್ಬಿತು.

ಅದನ್ನು ಕೇಳಿಸುವ ಪೆಟ್ಟಿಗೆ ಇದ್ದದ್ದು ಸವಣೂರಿನ ಶೇಖಸಾಬನ ಹತ್ತಿರ. ಸುತ್ತಲಿನ ಊರುಗಳಲ್ಲೆಲ್ಲ ಮದುವೆಗೂ ಉರುಸಿಗೂ ಮೈಕು ಕಟ್ಟುವವನು ಅವನೇ. ಪೆಟ್ಟಿಗೆಯ ವೇಗದ ಗುಂಡಿ ಸಿನಿಮಾ ಹಾಡಿನ ಸಣ್ಣ ರಿಕಾರ್ಡಿನ ವೇಗದಲ್ಲೇ ಜಾಮ್ ಆಗಿ ಕೂತಿತ್ತು. ದೊಡ್ಡ ರಿಕಾರ್ಡು ಅದಕ್ಕಿಂತ ನಿಧಾನ ತಿರುಗಬೇಕೆಂದು ಯಾರಿಗೆ ಗೊತ್ತು? ದೊಡ್ಡ ರಿಕಾರ್ಡನ್ನು ನಾವು ಕಂಡದ್ದೇ ಮೊದಲು. ಊರಿನ ಒಂದು ಮದುವೆಯಲ್ಲಿ ಅದನ್ನು ಹಚ್ಚಿದಾಗ, ಹಾರ್ನಿನಿಂದ ಬಂದ ಉಳವಪ್ಪ ಮೀಸೆ ಮೂಡದ ಹುಡುಗನ ದನಿಯಲ್ಲಿ ದಡದಡ ಹಾಡಿದ. ವೈರಾಗ್ಯದ ಪದಕ್ಕೆ ಮದುಮಗನ ಗೆಳೆಯರು ಕುಣಿದರು.

"ಇದು ನನ್ನ ದನಿ ಅಲ್ಲೋ ಶೇಖಸಾಬ," ಎಂದ ಉಳವಪ್ಪ.

"ತಮ್ಮ ದನಿ ತಮಗ ಗುರುತ ಹತ್ತೂದಿಲ್ರಿ. ಮಿಷನ್ ಯಾಕ ಸುಳ್ಳ ಹೇಳ್ತೈತಿ?"

ಮುಂಬೈಯವರು ಉಳವಪ್ಪನನ್ನು ರಿಪೇರಿ ಮಾಡಿ ಕಳಿಸಿದ್ದಾರೆಂದು ಹಿರಿಯರು ತೀರ್ಮಾನಿಸಿದರು.

ಆಮೇಲೆ ಶಿಗ್ಗಾಂವಿಗೆ ಹೋದರೂ ಹಾನಗಲ್ಲಿಗೆ ಹೋದರೂ ಒಂದೇ ಮಾತು. "ರಿಕಾರ್ಡಿನ್ಯಾಗ ಇದ್ದಂಗ ಹಾಡ್ರಿ. ಯಾಕ, ಮೈಯಾಗ ಆರಾಮಿಲ್ಲೇನು?" ಕರೆಯುವವರು ಕಡಿಮೆಯಾದರು. ಹಾಡು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬದುಕೇ ಇರಲಿಲ್ಲ, ಊಟ ಸೇರದಾಯಿತು. ಕೊನೆಗೆ ಬೆಳಗಾದರೆ ಹೊಲದ ಬದುವಿನ ಮೇಲೆ ನಿಂತು ತನ್ನನ್ನೇ ಅಣಕಿಸುವುದನ್ನು ಕಲಿಯತೊಡಗಿದ. ಶ್ರುತಿ ಏರಿಸಿದ, ಉಸಿರು ತುಂಡರಿಸಿದ.

"ಪದಾ ಹಾಡಾಕತ್ತೀರೋ, ಬಸ್ಸಿನ ಬೆನ್ನ ಹತ್ತೀರೋ?" ಎಂದು ಹೆಂಡತಿ ಶಿವಬಸವ್ವ ಬೈದಳು.

ಅವನು ಬಿಡಲಿಲ್ಲ. ಎರಡು ವರ್ಷಕ್ಕೆ ರಿಕಾರ್ಡನ್ನು ಹಿಡಿದೇಬಿಟ್ಟ. "ಈಗ ಖರೇ ಉಳವಪ್ಪ ಆದ್ರಿ ನೋಡ್ರಿ," ಎಂದರು ಜನ. ತಾಳ ಹಾಕಿ ಹಾಕಿ ನನ್ನ ಮಣಿಕಟ್ಟು ಬಾತುಕೊಂಡಿತು, ಅದನ್ನು ಕೇಳುವವರಿಲ್ಲ.

ಎಂಬತ್ತಾರರಲ್ಲಿ ಕಂಪನಿ ಅದೇ ರಿಕಾರ್ಡನ್ನು ಕ್ಯಾಸೆಟ್ ಮಾಡಿ ಮತ್ತೆ ಬಿಡುಗಡೆ ಮಾಡಿತು. ಹಿರೇಕೆರೂರಿನ ಅಂಗಡಿಯಲ್ಲಿ ಹೊಸ ಸಿನಿಮಾ ಹಾಡು, ಕವ್ವಾಲಿ, ಗೀಗೀಪದಗಳ ನಡುವೆ, ಕವರಿನ ಚಿತ್ರದಲ್ಲಿ ರುಮಾಲು ಸುತ್ತಿದ ಉಳವಪ್ಪನೂ ಕೂತ. ಟೇಪ್ ರಿಕಾರ್ಡರಿನಲ್ಲಿ ವೇಗದ ಗುಂಡಿಯೇ ಇಲ್ಲವಲ್ಲ, ಹಳೆಯ ಆಳದ ದನಿ ಸಾವಕಾಶವಾಗಿ ಹೊರಬಂತು. ಜನ ಮರುಳಾದರು. ಇಷ್ಟು ವರ್ಷ ಕುಣಿದವರೇ ಈಗ ಉಳವಪ್ಪನಿಗೆ ಬುದ್ಧಿ ಹೇಳಿದರು. "ಹಿಂಗ್ಯಾಕ ಒದರ್ತೀರಿ? ಕ್ಯಾಸೆಟ್ಟಿನಂವ ಹಾಡಿದಂಗ ನಿಧಾನ ಹಾಡ್ರಿ."

ಹಾಡಲು ನೋಡಿದ. ಏರಿ ಕೂತ ಗಂಟಲು ಇಳಿಯಲಿಲ್ಲ. ಸಾಲಿನ ನಡುವೆಯೇ ಉಸಿರು ಕಡಿಯುತ್ತಿತ್ತು.

ಅಕ್ಕಿಆಲೂರಿನವರು ಅವನಿಗೆ ಸನ್ಮಾನ ಇಟ್ಟುಕೊಂಡರು. ಶಾಲು ಹೊದಿಸಿ, ಮಾಲೆ ಹಾಕಿ, ಕುರ್ಚಿಯಲ್ಲಿ ಕೂರಿಸಿದರು. ಅವನು ಗಂಟಲು ಸರಿಮಾಡಿಕೊಳ್ಳುತ್ತಿದ್ದಂತೆ ಕಾರ್ಯದರ್ಶಿ ಬಂದು, "ನೀವು ದಣಕೋಬ್ಯಾಡ್ರಿ," ಎಂದು ಮೈಕನ್ನು ಎತ್ತಿ ಟೇಪ್ ರಿಕಾರ್ಡರಿನ ಮುಂದೆ ಇಟ್ಟ. ಎದ್ದು ಅದನ್ನು ಒದ್ದುಬಿಡಬೇಕೆನಿಸಿತು ನನಗೆ. ಆದರೆ ಹಾಡು ಅಷ್ಟು ಚೆನ್ನಾಗಿತ್ತು, ಕೈ ತಾನಾಗಿಯೇ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಉಳವಪ್ಪನ ತುಟಿ ಒಂದೆರಡು ಸಾಲು ಜೊತೆಗೆ ಅಲುಗಿ ನಿಂತುಹೋಯಿತು. ಕಣ್ಣಲ್ಲಿ ನೀರು ಇಳಿಯಿತು. ವಂದನಾರ್ಪಣೆಯಲ್ಲಿ ಅದನ್ನು ಭಕ್ತಿ ಎಂದು ಕೊಂಡಾಡಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಶಿವಬಸವ್ವ, "ಯಾಕ ಅತ್ರಿ?" ಎಂದು ಕೇಳಿದಳು.

ಉಳವಪ್ಪ ಶಾಲನ್ನು ಮಡಚುತ್ತ, "ಎಷ್ಟ ಚಲೋ ಹಾಡ್ತಿದ್ದ ಅಂವ," ಎಂದ. "ಒಬ್ಬರಾದ್ರೂ ಅವಂಗ ಹೇಳಬೇಕಾಗಿತ್ತು."